ಹಳೇ ಡಬ್ಬಿಯಲ್ಲಿ ಸಿಕ್ಕ ಕಾರ್ಡಿಗೆ ನಿಜವಾಗಿ ಎಷ್ಟು ಬೆಲೆ?

ಪ್ರಶ್ನೆ: "ಅಣ್ಣ ಶಾಲೆಗೆ ಹೋಗುವಾಗ ಕೂಡಿಟ್ಟಿದ್ದ ಪೋಕೆಮಾನ್ ಕಾರ್ಡುಗಳ ಡಬ್ಬಿ ಈಚೆಗೆ ಸಿಕ್ಕಿತು. ಸುಮಾರು 240 ಕಾರ್ಡುಗಳಿವೆ. ಒಂದು ಚಾರಿಜಾರ್ಡ್ ಇದೆ. ಅದರ ಮೇಲೆ 4/102 ಅಂತ ನಂಬರ್, 1999 ಅಂತ ಇಸವಿ ಇದೆ. ಹಿಂಭಾಗದ ಅಂಚು ಎರಡು ಕಡೆ ಬೆಳ್ಳಗಾಗಿದೆ. ಒಂದು ಮಚಾಂಪ್ ಮೇಲೆ ಫಸ್ಟ್ ಎಡಿಷನ್ ಮುದ್ರೆ ಇದೆ. ಆನ್‌ಲೈನ್‌ನಲ್ಲಿ ಇದೇ ಚಾರಿಜಾರ್ಡಿಗೆ ಒಬ್ಬರು 15,000 ಡಾಲರ್ ಹಾಕಿದ್ದಾರೆ, ಇನ್ನೊಬ್ಬರು 200 ಡಾಲರ್ ಹಾಕಿದ್ದಾರೆ. ಹಳೇ ಕಾರ್ಡು ಕೊಳ್ಳುವವರೊಬ್ಬರು ಡಬ್ಬಿ ಪೂರ್ತಿ 400 ಡಾಲರ್‌ಗೆ ಕೊಡಿ ಅನ್ನುತ್ತಿದ್ದಾರೆ. ಕಾರ್ಡು ಪರೀಕ್ಷಿಸಿ ಹತ್ತರೊಳಗೆ ಅಂಕಿ ಕೊಡುವ ಗ್ರೇಡಿಂಗ್‌ಗೆ ನಾನು ಇದನ್ನು ಕಳಿಸಲೇ? ಕಳಿಸುವ ಮೊದಲು ಒರೆಸಿ, ಅಂಚಿಗೆ ಬಣ್ಣ ಹಚ್ಚಿ ಸರಿಮಾಡಬಹುದಾ? ಬೆಲೆ ಕಟ್ಟುವುದು ಹೇಗೆ? ಮೋಸ ಹೋಗಬಾರದು ಅನ್ನುವುದೇ ನನ್ನ ಚಿಂತೆ."

ಉತ್ತರ: ಮೊದಲು ಒಂದು ವಿನಂತಿ. ಒರೆಸಬೇಡಿ. ಬಣ್ಣವಂತೂ ಹಚ್ಚಲೇಬೇಡಿ. ಡಬ್ಬಿಯನ್ನೂ ಈಗಲೇ ಮಾರಬೇಡಿ. ಈ ಮೂರನ್ನು ತಡೆದರೆ ಉಳಿದದ್ದಕ್ಕೆಲ್ಲ ಸಮಯ ಇದೆ.

ನಿಮ್ಮ ಗೊಂದಲ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಒಂದೇ ಹೆಸರು, ಒಂದೇ ಚಿತ್ರ, ಒಂದೇ ನಂಬರ್. ಆದರೆ ಒಬ್ಬರು 15,000 ಅಂತಾರೆ, ಒಬ್ಬರು 200 ಅಂತಾರೆ. ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸುವುದು ಸಹಜ. ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು, ಇಬ್ಬರೂ ತಪ್ಪಿರಲೂಬಹುದು. ಯಾಕೆಂದರೆ 'ಚಾರಿಜಾರ್ಡ್' ಅನ್ನುವ ಹೆಸರಿಗೆ ಬೆಲೆ ಇಲ್ಲ. ಬೆಲೆ ಇರುವುದು ಯಾವ ಮುದ್ರಣದ ಚಾರಿಜಾರ್ಡ್, ಯಾವ ಸ್ಥಿತಿಯಲ್ಲಿದೆ, ಇತ್ತೀಚೆಗೆ ಅಂಥದ್ದಕ್ಕೆ ಯಾರಾದರೂ ನಿಜವಾಗಿ ಎಷ್ಟು ದುಡ್ಡು ಕೊಟ್ಟಿದ್ದಾರೆ ಅನ್ನುವುದಕ್ಕೆ.

ಹಾಗಾಗಿ ಮುದ್ರಣದಿಂದಲೇ ಶುರು ಮಾಡೋಣ. 1999ರಲ್ಲಿ ಇಂಗ್ಲಿಷಿನಲ್ಲಿ ಬಂದ ಮೊದಲ ಸೆಟ್, ಅಂದರೆ ಬೇಸ್ ಸೆಟ್‌ನ ಚಾರಿಜಾರ್ಡ್ ಒಂದೇ ಬಗೆಯದಲ್ಲ. ಮೊದಲ ಮುದ್ರಣದಲ್ಲಿ ಚಿತ್ರದ ಚೌಕಟ್ಟಿನ ಕೆಳಗೆ ಎಡಗಡೆ ಫಸ್ಟ್ ಎಡಿಷನ್ ಮುದ್ರೆ ಇರುತ್ತದೆ. ಅದರ ನಂತರದ್ದನ್ನು ಸಂಗ್ರಾಹಕರು 'ಶ್ಯಾಡೋಲೆಸ್' ಅನ್ನುತ್ತಾರೆ. ಅದರಲ್ಲಿ ಮುದ್ರೆ ಇಲ್ಲ, ಚಿತ್ರದ ಚೌಕಟ್ಟಿನ ಬಲಗಡೆ ಬೀಳುವ ನೆರಳೂ ಇಲ್ಲ. ಆಮೇಲೆ ಬಂದದ್ದು 'ಅನ್‌ಲಿಮಿಟೆಡ್'. ಅದರಲ್ಲಿ ನೆರಳು ಇದೆ. ಅತಿ ಹೆಚ್ಚು ಅಚ್ಚಾಗಿದ್ದೂ ಅದೇ. ಈ ಮೂರರ ನಡುವಿನ ಬೆಲೆಯ ಅಂತರ ಸಣ್ಣದಲ್ಲ, ಪಟ್ಟುಗಳ ಲೆಕ್ಕದಲ್ಲಿದೆ.

ನೆರಳು ಇದೆಯೋ ಇಲ್ಲವೋ ಗೊತ್ತಾಗದಿದ್ದರೆ ಕಾರ್ಡಿನ ತಳದ ಸಣ್ಣ ಕಾಪಿರೈಟ್ ಸಾಲನ್ನು ಭೂತಗನ್ನಡಿ ಹಿಡಿದು ಓದಿ. ಫಸ್ಟ್ ಎಡಿಷನ್ ಮತ್ತು ಶ್ಯಾಡೋಲೆಸ್‌ನಲ್ಲಿ ನಿಂಟೆಂಡೋ ಹೆಸರಿನ ಮುಂಚೆ 1995, 96, 98, 99 ಅಂತ ನಾಲ್ಕು ಇಸವಿ ಇರುತ್ತವೆ. ಅನ್‌ಲಿಮಿಟೆಡ್‌ನಲ್ಲಿ ಅಲ್ಲಿ 1995, 96, 98 ಅಂತ ಮೂರೇ. ಕೊನೆಯಲ್ಲಿ 1999 ಅನ್ನುವುದು ಎಲ್ಲದರಲ್ಲೂ ಕಾಣುತ್ತದೆ. ಹಾಗಾಗಿ '1999 ಅಂತ ಇದೆ' ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಸಾಲಿನ ಕೊನೆಯಲ್ಲಿ 1999-2000 ಅಂತ ಇದ್ದರೆ ಅದು ಇನ್ನೂ ನಂತರದ ಮುದ್ರಣ. 4/102 ಅನ್ನುವ ನಂಬರನ್ನೂ ಪೂರ್ತಿ ನಂಬುವ ಹಾಗಿಲ್ಲ. 2021ರಲ್ಲಿ ಪೋಕೆಮಾನ್‌ನ 25ನೇ ವರ್ಷಕ್ಕೆ ತಂದ ಸೆಲೆಬ್ರೇಷನ್ಸ್ ಸೆಟ್‌ನಲ್ಲಿ ಇದೇ ಕಾರ್ಡನ್ನು ಇದೇ ನಂಬರಿನಲ್ಲಿ ಮತ್ತೆ ಅಚ್ಚು ಹಾಕಿದರು. 2000ದ ಬೇಸ್ ಸೆಟ್ 2ರಲ್ಲಿ ಇದೇ ಚಿತ್ರ 4/130 ಅಂತ ಬಂದಿದೆ.

ನಿಮ್ಮ ಮಚಾಂಪ್ ಬಗ್ಗೆ ಹೇಳುವಾಗ ಸ್ವಲ್ಪ ಬೇಜಾರಾಗುತ್ತದೆ. ಫಸ್ಟ್ ಎಡಿಷನ್ ಮುದ್ರೆ ಕಂಡ ಕೂಡಲೇ ಎಷ್ಟೋ ಜನ ಕುಣಿದಾಡಿಬಿಡುತ್ತಾರೆ. ಆದರೆ ಬೇಸ್ ಸೆಟ್‌ನ ಮಚಾಂಪ್ ಬಂದದ್ದು ಇಬ್ಬರು ಆಡುವ ಸ್ಟಾರ್ಟರ್ ಪೆಟ್ಟಿಗೆಯಲ್ಲಿ. ಮುಂದೆ ಅನ್‌ಲಿಮಿಟೆಡ್ ಕಾರ್ಡುಗಳು ಬಂದ ಮೇಲೂ ಆ ಪೆಟ್ಟಿಗೆಯ ಮಚಾಂಪ್ ಮೇಲೆ ಅದೇ ಮುದ್ರೆ ಉಳಿಯಿತು. ಹಾಗಾಗಿ ಮುದ್ರೆ ಇರುವ ಮಚಾಂಪ್ ಅಪರೂಪವೇನಲ್ಲ. ನೆರಳಿಲ್ಲದ್ದಾದರೆ ಸ್ವಲ್ಪ ಮೇಲು. ಗುರುತು ಒಂದೇ ಆದರೂ ಅದರ ಅರ್ಥ ಕಾರ್ಡಿನಿಂದ ಕಾರ್ಡಿಗೆ ಬದಲಾಗುತ್ತದೆ.

'ಹಳೆಯದಾದರೆ ಬೆಲೆ ಜಾಸ್ತಿ', 'ಕಡಿಮೆ ಇದ್ದರೆ ಬೆಲೆ ಜಾಸ್ತಿ' ಅನ್ನುವ ಎರಡು ನಂಬಿಕೆಗಳನ್ನೂ ಇಲ್ಲೇ ನೋಡಿಬಿಡೋಣ. ಅಮೆರಿಕದಲ್ಲಿ 1980ರ ದಶಕದ ಕೊನೆಯಿಂದ 90ರ ಮೊದಲ ವರ್ಷಗಳವರೆಗೆ ಬೇಸ್‌ಬಾಲ್ ಕಾರ್ಡುಗಳನ್ನು ವಿಪರೀತ ಅಚ್ಚು ಹಾಕಿದರು. ಜನ ಮುಂದೆ ಬೆಲೆ ಬರುತ್ತದೆ ಅಂತ ಪೆಟ್ಟಿಗೆಗಟ್ಟಲೆ ಜೋಪಾನ ಮಾಡಿಟ್ಟರು. ಎಲ್ಲರೂ ಜೋಪಾನ ಮಾಡಿದ್ದರಿಂದಲೇ ಅವುಗಳಲ್ಲಿ ಬಹುಪಾಲು ಇವತ್ತಿಗೂ ಬೆಲೆ ಬಾಳುವುದಿಲ್ಲ. ಇದಕ್ಕೆ ತದ್ವಿರುದ್ಧ ಕತೆ ಟಾಪ್ಸ್ ಕಂಪನಿಯ 1952ರ ಬೇಸ್‌ಬಾಲ್ ಸೆಟ್‌ನದು. ಮಾರಾಟವಾಗದೆ ಉಳಿದಿದ್ದ ಪೆಟ್ಟಿಗೆಗಳನ್ನು 1960ರಲ್ಲಿ ಕಂಪನಿಯವರೇ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. ಅದೇ ಸೆಟ್‌ನಲ್ಲಿದ್ದ ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್ ಅವರ ಕಾರ್ಡೊಂದು 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರ್‌ಗೆ ಹರಾಜಾಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮ್ಯಾಂಟಲ್ ಕಾರ್ಡು ಅಷ್ಟೊಂದು ಅಪರೂಪವಲ್ಲ. ಗ್ರೇಡ್ ಆದದ್ದೇ ಸಾವಿರಕ್ಕಿಂತ ಹೆಚ್ಚಿವೆ. ಆ ಒಂದು ಕಾರ್ಡಿಗೆ ಅಷ್ಟು ಬೆಲೆ ಬಂದದ್ದು ಅದರ ಸ್ಥಿತಿ ಹತ್ತಕ್ಕೆ ಒಂಬತ್ತೂವರೆ ಇದ್ದದ್ದಕ್ಕೆ, ಮತ್ತು ಮ್ಯಾಂಟಲ್ ಬೇಕು ಅನ್ನುವವರು ತಲೆಮಾರುಗಳಿಂದ ಇರುವುದಕ್ಕೆ. ಇನ್ನೊಂದೆಡೆ ಜಗತ್ತಿನಲ್ಲಿ ಹತ್ತೇ ಹತ್ತು ಇರುವ ಕಾರ್ಡುಗಳಿವೆ, ಅವನ್ನು ಕೇಳುವವರು ಮೂರೇ ಜನ. ಅವುಗಳಿಗೆ ಬೆಲೆ ಇಲ್ಲ. ಎಷ್ಟು ಇವೆ ಅನ್ನುವುದರ ಜೊತೆಗೆ ಎಷ್ಟು ಜನ ಬೇಕು ಅನ್ನುತ್ತಾರೆ ಅನ್ನುವುದನ್ನೂ ನೋಡಬೇಕು. ನಿಮ್ಮ ಅದೃಷ್ಟಕ್ಕೆ ಚಾರಿಜಾರ್ಡನ್ನು ಬಯಸುವವರಿಗೆ ಯಾವತ್ತೂ ಬರವಿಲ್ಲ. ಚಿಕ್ಕವರಿದ್ದಾಗ ಅದು ಸಿಗದೆ ಹೋದವರು ಈಗ ಸಂಪಾದಿಸುತ್ತಿದ್ದಾರೆ.

ಗ್ರೇಡಿಂಗ್ ಕಂಪನಿಗಳು ತಾವು ಯಾವ ಕಾರ್ಡಿಗೆ ಯಾವ ಗ್ರೇಡನ್ನು ಎಷ್ಟು ಬಾರಿ ಕೊಟ್ಟಿದ್ದೇವೆ ಅನ್ನುವ ಲೆಕ್ಕ ಪ್ರಕಟಿಸುತ್ತವೆ. ಅದನ್ನು ನೋಡಿ, ಆದರೆ ಹುಷಾರಾಗಿ ನೋಡಿ. ಸಂಖ್ಯೆ ಕಡಿಮೆ ಇದೆ ಅಂದರೆ ಕಾರ್ಡು ಅಪರೂಪ ಅಂತಲೇ ಅಲ್ಲ. ಗ್ರೇಡ್ ಮಾಡಿಸುವಷ್ಟು ಬೆಲೆ ಇಲ್ಲ ಅಂತ ಯಾರೂ ಕಳಿಸಿಲ್ಲದಿರಬಹುದು. ಸಂಖ್ಯೆ ಜಾಸ್ತಿ ಇದ್ದರೂ, ಗ್ರೇಡ್ ಆದ ಕಾರ್ಡನ್ನು ಸೀಲ್ ಮಾಡಿದ ಪ್ಲಾಸ್ಟಿಕ್ ಪೆಟ್ಟಿಗೆ ಒಡೆದು ಅದೇ ಕಾರ್ಡನ್ನು ಮತ್ತೆ ಮತ್ತೆ ಕಳಿಸಿದ್ದು ಅದರಲ್ಲಿ ಸೇರಿರುತ್ತದೆ.

ಈಗ ಸ್ಥಿತಿಯ ವಿಷಯ. ಜನ ಎಡವುವುದು ಇಲ್ಲೇ ಜಾಸ್ತಿ. ಗ್ರೇಡ್ ಕೊಡುವವರು ನೋಡುವುದು ನಾಲ್ಕು: ಚಿತ್ರ ಮಧ್ಯಕ್ಕೆ ಕೂತಿದೆಯಾ, ಮೂಲೆ, ಅಂಚು, ಮೇಲ್ಮೈ. 10 ಬರಬೇಕಾದರೆ ಮುಂಭಾಗದ ಎದುರುಬದುರು ಅಂಚುಗಳ ಅಗಲ 55ಕ್ಕೆ 45ರ ಆಸುಪಾಸಿನಲ್ಲಿ ಇರಬೇಕು. ಕಾರ್ಡು ಪ್ಯಾಕಿನಿಂದ ನೇರ ಬಂದಿದ್ದರೂ ಕಾರ್ಖಾನೆಯಲ್ಲೇ ಓರೆಯಾಗಿ ಕತ್ತರಿಸಿದ್ದರೆ 10 ಬರುವುದಿಲ್ಲ. 'ಮುಟ್ಟೇ ಇಲ್ಲ, ಹೊಸದರಂತಿದೆ' ಅನ್ನುವವರಿಗೆ ಇದನ್ನು ಒಪ್ಪಿಸುವುದು ಕಷ್ಟ.

ನಿಮ್ಮ ಕಾರ್ಡನ್ನು ಒಂದೇ ದೀಪದ ಕೆಳಗೆ, ನಿಧಾನವಾಗಿ ಓರೆ ಮಾಡುತ್ತಾ ನೋಡಿ. ನೇರ ನೋಡಿದಾಗ ಕಾಣದ ಗೀರು, ಉಗುರು ಒತ್ತಿದ ಗುಂಡಿ, ಸಣ್ಣ ಮಡಿಕೆ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಹೋಲೋ, ಅಂದರೆ ಹೊಳೆಯುವ ಫಾಯಿಲ್ ಇರುವ ಭಾಗದ ಗೀರುಗಳಂತೂ ಹಾಗೇ ಕಾಣುವುದು. ಈ ವೃತ್ತಿಗೆ ಬಂದ ಹೊಸದರಲ್ಲಿ ನಾನು ಒಂದು ದುಬಾರಿ ಕಾರ್ಡನ್ನು ಮೇಲಿನ ದೀಪದಲ್ಲಷ್ಟೇ ನೋಡಿ ಕೊಂಡಿದ್ದೆ. ಹಿಂಭಾಗದಲ್ಲಿ ಒಂದು ಗುಂಡಿ ಇತ್ತು. ಕೊಟ್ಟ ದುಡ್ಡಿನ ಅರ್ಧ ಆವತ್ತೇ ಹೋಯಿತು. ಅಂದಿನಿಂದ ಓರೆ ಮಾಡಿ ನೋಡದೆ ಯಾವ ಕಾರ್ಡಿಗೂ ಬೆಲೆ ಹೇಳುವುದಿಲ್ಲ.

ನೀವು ಹೇಳಿದ ಬಿಳಿ ಅಂಚು ಈ ಕಾರ್ಡುಗಳಲ್ಲಿ ಬಲು ಸಾಮಾನ್ಯ. ಹಿಂಭಾಗದ ನೀಲಿ ಬಣ್ಣ ಉಜ್ಜಿಹೋಗಿ ಒಳಗಿನ ಕಾಗದ ಕಾಣುತ್ತದೆ. ಎರಡು ಕಡೆ ಅಷ್ಟೇ ಇದ್ದರೆ 10ರ ಆಸೆ ಬಿಡಿ. ಉಳಿದದ್ದೆಲ್ಲ ಚೆನ್ನಾಗಿದ್ದರೆ 7, 8 ಅನ್ನುವುದು ಸಾಧ್ಯ. ಮಡಿಕೆಯ ಗೆರೆ ಇದ್ದರೆ 5ಕ್ಕಿಂತ ಕೆಳಗೆ ಬೀಳುವುದೇ ಜಾಸ್ತಿ. ಫೋಟೋ ಕೂಡ ನೋಡದೆ ನಾನು ಇದಕ್ಕಿಂತ ಖಚಿತವಾಗಿ ಹೇಳಿದರೆ ಅದು ಸರಿಯಲ್ಲ.

ಆ ಬಿಳಿ ಜಾಗಕ್ಕೆ ಸ್ಕೆಚ್ ಪೆನ್ನಿನಿಂದ ನೀಲಿ ತುಂಬುವ ಸಲಹೆಯನ್ನು ಯಾರು ಕೊಟ್ಟರೋ ಗೊತ್ತಿಲ್ಲ. ದಯವಿಟ್ಟು ಮಾಡಬೇಡಿ. ಬಣ್ಣ ತುಂಬಿದ, ಅಂಚು ಕತ್ತರಿಸಿದ ಕಾರ್ಡಿಗೆ ಗ್ರೇಡಿಂಗ್ ಕಂಪನಿಗಳು ಅಂಕಿಯನ್ನೇ ಕೊಡುವುದಿಲ್ಲ. 'ತಿದ್ದಿದ್ದು' ಅಂತ ಬರೆದು ಕಳಿಸುತ್ತವೆ, ಇಲ್ಲವೇ ತಿರಸ್ಕರಿಸುತ್ತವೆ. 7 ಬರಬಹುದಾಗಿದ್ದ ಕಾರ್ಡು ಹೀಗೆ ಅಂಕಿಯೇ ಇಲ್ಲದ ಕಾರ್ಡಾಗುತ್ತದೆ. ಒದ್ದೆ ಬಟ್ಟೆಯಿಂದ ಹೋಲೋ ಒರೆಸಿ, ಇಡೀ ಮೇಲ್ಮೈ ಮಬ್ಬು ಮಾಡಿಕೊಂಡು ಬಂದವರನ್ನೂ ನೋಡಿದ್ದೇನೆ. ಆ ಕಾರ್ಡಿಗೆ ನಾನು ಏನೂ ಮಾಡಲಾಗಲಿಲ್ಲ. ಧೂಳಿದ್ದರೆ ಒಣಗಿದ ಮೆತ್ತನೆ ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಸವರಿ, ಸಾಕು. ಆಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಸ್ಲೀವ್, ಅದರ ಹೊರಗೆ ಟಾಪ್‌ಲೋಡರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಕವಚ. ರಬ್ಬರ್ ಬ್ಯಾಂಡ್ ಬೇಡ. ತೇವ ಇರುವ ಜಾಗವೂ ಬೇಡ. ಕಾಗದ ತೇವ ಹೀರುತ್ತದೆ, ಮೇಲಿನ ಫಾಯಿಲ್ ಹೀರುವುದಿಲ್ಲ. ಅದಕ್ಕೇ ಹೋಲೋ ಕಾರ್ಡುಗಳು ಬಿಲ್ಲಿನಂತೆ ಬಾಗುವುದು.

ಅಸಲಿಯೋ ನಕಲಿಯೋ ಅನ್ನುವುದನ್ನೂ ನೀವೇ ಒಂದು ಮಟ್ಟಕ್ಕೆ ನೋಡಬಹುದು. ಬಗ್ಗಿಸಿ ನೋಡಿ, ಹರಿದು ನೋಡಿ ಅನ್ನುವ ಪರೀಕ್ಷೆಗಳನ್ನು ಮರೆತುಬಿಡಿ. ಅಸಲಿ ಅಂತ ಗೊತ್ತಾಗುವ ಹೊತ್ತಿಗೆ ಕಾರ್ಡು ಹಾಳಾಗಿರುತ್ತದೆ. ಅಸಲಿ ಕಾರ್ಡು ಪದರಗಳಿಂದ ಆಗಿದೆ, ನಡುವೆ ತೆಳ್ಳನೆಯ ಕಪ್ಪು ಪದರ ಇದೆ. ಹಿಂದಿನಿಂದ ಟಾರ್ಚ್ ಹಿಡಿದರೆ ಅಗ್ಗದ ನಕಲು ಬೆಳಗಿಬಿಡುತ್ತದೆ, ಅಸಲಿ ಅಷ್ಟು ಬೆಳಗುವುದಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಅಸಲಿಯ ಬಣ್ಣಗಳು ಹೂವಿನ ಎಸಳಿನ ಹಾಗೆ ಜೋಡಿಸಿದ ಚುಕ್ಕಿಗಳು, ಕಪ್ಪು ಅಕ್ಷರಗಳು ಮಾತ್ರ ಚುಕ್ಕಿಯಿಲ್ಲದ ಗಟ್ಟಿ ಕಪ್ಪು. ಅಕ್ಷರವೂ ಬಣ್ಣದ ಚುಕ್ಕಿಗಳಿಂದ ಆಗಿದ್ದರೆ ಅನುಮಾನಪಡಿ.

ನುರಿತವರೂ ಮೋಸ ಹೋಗುತ್ತಾರೆ ಅನ್ನುವುದನ್ನು ಮುಚ್ಚಿಡುವುದಿಲ್ಲ. 2021ರ ಕೊನೆಯಲ್ಲಿ ಯೂಟ್ಯೂಬರ್ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ಪೋಕೆಮಾನ್ ಫಸ್ಟ್ ಎಡಿಷನ್ ಕಾರ್ಡುಗಳ ತೆರೆಯದ ಪೆಟ್ಟಿಗೆಗಳು ಅಂತ ಕೊಂಡರು. ತಜ್ಞರು ಅಸಲಿ ಅಂತ ಒಪ್ಪಿದ್ದ ಆ ಪೆಟ್ಟಿಗೆ ತೆರೆದಾಗ ಒಳಗಿದ್ದದ್ದು ಜಿ.ಐ. ಜೋ ಅನ್ನುವ ಬೇರೆಯೇ ಸರಣಿಯ ಕಾರ್ಡುಗಳು. 2025ರಲ್ಲಿ ಪೋಕೆಮಾನ್ ಕಾರ್ಡ್ ಆಟ ಹುಟ್ಟುವ ಮುಂಚಿನ ಮಾದರಿಗಳು ಅಂತ ಮಾರಾಟವಾಗಿದ್ದ ಕೆಲವು ಕಾರ್ಡುಗಳನ್ನು ಸಂಗ್ರಾಹಕರು ಹಿಗ್ಗಿಸಿ ನೋಡಿದರು. ಕಲರ್ ಪ್ರಿಂಟರ್‌ಗಳು ಗುಟ್ಟಾಗಿ ಹಾಕುವ ಹಳದಿ ಚುಕ್ಕಿಗಳು ಅಲ್ಲಿದ್ದವು. ಅವು ಹೇಳಿದ ಇಸವಿ 2024. ಬೇಸ್‌ಬಾಲ್‌ನ ಅತಿ ಪ್ರಸಿದ್ಧ ಹೋನಸ್ ವ್ಯಾಗ್ನರ್ ಕಾರ್ಡಿನ ಕತೆಯೂ ಅಷ್ಟೇ. ಪಿಎಸ್‌ಎ ಅನ್ನುವ ಗ್ರೇಡಿಂಗ್ ಕಂಪನಿ ಮೊತ್ತಮೊದಲು ಗ್ರೇಡ್ ಮಾಡಿದ್ದೇ ಅದನ್ನು, ಕೊಟ್ಟದ್ದು 8. ಅದರ ಅಂಚು ಕತ್ತರಿಸಿದ್ದು ತಾನೇ ಅಂತ ವ್ಯಾಪಾರಿ ಬಿಲ್ ಮಾಸ್ಟ್ರೋ 2013ರಲ್ಲಿ ಒಪ್ಪಿಕೊಂಡರು. ಗ್ರೇಡ್ ಅನ್ನುವುದು ಒಳ್ಳೆಯ ಕಣ್ಣಿರುವವರ ಅಭಿಪ್ರಾಯ. ಅದಕ್ಕೆ ಬೆಲೆ ಇದೆ, ಆದರೆ ಅದೇ ಕೊನೆಯ ಮಾತಲ್ಲ.

ಇನ್ನು ಬೆಲೆ ಕಟ್ಟುವುದು. 15,000 ಅಂತ ನೀವು ನೋಡಿದ್ದು ಯಾರೋ ಕೇಳುತ್ತಿರುವ ಬೆಲೆ. ಯಾರೂ ಕೊಟ್ಟ ಬೆಲೆಯಲ್ಲ. ಆನ್‌ಲೈನ್ ಮಾರಾಟ ತಾಣ ಇಬೇನಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಫಿಲ್ಟರ್ ಇದೆ, ಅದನ್ನು ಹಾಕಿ. ಅಲ್ಲೂ ಒಂದು ಬಲೆ ಇದೆ. ಚೌಕಾಸಿಯಲ್ಲಿ ಮಾರಿದ್ದಾದರೆ ಅಲ್ಲಿ ಕಾಣುವುದು ಗೀಟು ಹಾಕಿದ ಮೊದಲ ಬೆಲೆ, ಕೈ ಬದಲಾದ ದುಡ್ಡು ಅದಕ್ಕಿಂತ ಕಡಿಮೆ. ನಿಮ್ಮದೇ ಮುದ್ರಣ, ನಿಮ್ಮದೇ ಸ್ಥಿತಿ, ಕಳೆದ ಎರಡು ಮೂರು ತಿಂಗಳು. ಹೀಗೆ ಹತ್ತು ಹದಿನೈದು ಮಾರಾಟ ಗುರುತು ಹಾಕಿಕೊಳ್ಳಿ. ತೀರಾ ಮೇಲಿನದನ್ನೂ ತೀರಾ ಕೆಳಗಿನದನ್ನೂ ಬಿಡಿ. ನಡುವೆ ಉಳಿದದ್ದೇ ಇವತ್ತಿನ ಮಾರುಕಟ್ಟೆ. ಗ್ರೇಡ್ ಆಗದ ಕಾರ್ಡುಗಳಲ್ಲಿ ಮಾರುವವರು ಬರೆದ 'ನಿಯರ್ ಮಿಂಟ್' (ಹೆಚ್ಚು ಕಡಿಮೆ ಹೊಸದರಂತೆ) ಅನ್ನುವ ಮಾತನ್ನು ನಂಬಬೇಡಿ, ಫೋಟೋ ಹಿಗ್ಗಿಸಿ ನೋಡಿ.

ಹಳೆಯ ದಾಖಲೆ ಬೆಲೆಗಳಿಂದಲೂ ದೂರ ಇರಿ. ಗ್ರೇಡ್ 10ರ ಫಸ್ಟ್ ಎಡಿಷನ್ ಚಾರಿಜಾರ್ಡ್ 2022ರ ಮಾರ್ಚ್‌ನಲ್ಲಿ 4,20,000 ಡಾಲರ್‌ಗೆ ಹೋಗಿತ್ತು. ಎರಡು ವರ್ಷದೊಳಗೆ ಅದೇ ಗ್ರೇಡಿನದು ಅದರ ಅರ್ಧಕ್ಕಿಂತ ಕಡಿಮೆಗೂ ಮಾರಾಟವಾಯಿತು. ಕೊರೊನಾ ಕಾಲದಲ್ಲಿ ಜನ ಮನೆಯಲ್ಲಿದ್ದರು, ಕೈಯಲ್ಲಿ ಸಮಯ ಇತ್ತು. ಪಿಎಸ್‌ಎಗೆ ಎಷ್ಟು ಕಾರ್ಡು ಬಂದು ಬಿತ್ತೆಂದರೆ 2021ರ ಮಾರ್ಚ್ ಕೊನೆಯಲ್ಲಿ ಬಹುಪಾಲು ಸೇವೆಯನ್ನೇ ನಿಲ್ಲಿಸಬೇಕಾಯಿತು. ಆ ಕಾಲದ ಬೆಲೆ ಇಟ್ಟುಕೊಂಡು ಇವತ್ತು ಲೆಕ್ಕ ಹಾಕಿದರೆ ತಪ್ಪುತ್ತದೆ.

ಮಾರಾಟದ ಬೆಲೆ ಪೂರ್ತಿ ನಿಮ್ಮ ಕೈಗೆ ಬರುವುದಿಲ್ಲ ಅನ್ನುವುದನ್ನೂ ಈಗಲೇ ತಿಳಿದಿರಿ. ಇಬೇ ಥರದ ಕಡೆ ಶೇಕಡಾ 13ರ ಆಸುಪಾಸು ಶುಲ್ಕ. ದೊಡ್ಡ ಹರಾಜು ಮನೆಗಳು ಪ್ರಕಟಿಸುವ ಬೆಲೆಯಲ್ಲಿ ಕೊಂಡವರು ಮನೆಗೆ ಕಟ್ಟುವ ಶೇಕಡಾ 20ರಷ್ಟು ಪ್ರೀಮಿಯಂ ಸೇರಿರುತ್ತದೆ, ಅದು ಮಾರಿದವರಿಗೆ ಹೋಗುವುದಿಲ್ಲ. ಉದಾಹರಣೆಗೆ, ನಿಮ್ಮ ಕಾರ್ಡು ಗ್ರೇಡ್ ಆಗಿ 500 ಡಾಲರ್‌ಗೆ ಹೋಯಿತು ಅಂತಿಟ್ಟುಕೊಳ್ಳಿ. 65 ಶುಲ್ಕ, ಗ್ರೇಡಿಂಗ್ ಮತ್ತು ಹೋಗಿ ಬರುವ ವಿಮೆ ಅಂಚೆಗೆ ಒಂದು 80 ಅನ್ನಿ. ಕೈಗೆ 355. ಹಾಗೇ ಮಾರಿದ್ದರೆ 380 ಸಿಗುತ್ತಿತ್ತು ಅಂದರೆ, ಅದರಲ್ಲೂ ಶುಲ್ಕ ಕಳೆದು 330. ಇಷ್ಟು ಓಡಾಡಿ, ತಿಂಗಳುಗಟ್ಟಲೆ ಕಾದು, ಉಳಿಯುವುದು 25. ಗ್ರೇಡ್ ಒಂದು ಮೆಟ್ಟಿಲು ಕೆಳಗೆ ಬಂದರೆ ಅದೂ ಇಲ್ಲ. 10 ಬಂದೇ ಬರುತ್ತದೆ ಅಂತ ಲೆಕ್ಕ ಹಾಕುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಹಾಗಾದರೆ ನಿಮಗೆ ನಾನು ಹೇಳುವುದು ಮುದ್ರಣವನ್ನು ಅವಲಂಬಿಸಿದೆ. ಫಸ್ಟ್ ಎಡಿಷನ್ ಅಥವಾ ಶ್ಯಾಡೋಲೆಸ್ ಆಗಿದ್ದರೆ ಗ್ರೇಡಿಂಗ್‌ಗೆ ಕಳಿಸಿ, ಸ್ಥಿತಿ ಸಾಧಾರಣ ಇದ್ದರೂ ಪರವಾಗಿಲ್ಲ. ಅಲ್ಲಿ ಅಂಕಿಗಿಂತ ಅಸಲಿ ಅನ್ನುವ ಖಾತರಿಗೇ ಕೊಳ್ಳುವವರು ದುಡ್ಡು ಕೊಡುತ್ತಾರೆ. ಯಾಕೆಂದರೆ ಶ್ಯಾಡೋಲೆಸ್ ಕಾರ್ಡಿನ ಮೇಲೆ ಸುಳ್ಳು ಮುದ್ರೆ ಒತ್ತುವವರಿದ್ದಾರೆ. ಅಪಾಯ ಅಂದರೆ ಅಂಚೆಯಲ್ಲಿ ಕಳೆಯುವುದು. ವಿಮೆ ಮಾಡಿಸಿ, ಕಳಿಸುವ ಮುಂಚೆ ಎರಡೂ ಕಡೆ ಸ್ಪಷ್ಟ ಫೋಟೋ ತೆಗೆದಿಡಿ. ಅನ್‌ಲಿಮಿಟೆಡ್ ಆಗಿದ್ದು ಬಿಳಿ ಅಂಚಿನ ಜೊತೆ ಹೋಲೋ ಗೀರೂ ಇದ್ದರೆ ಒಳ್ಳೆಯ ಫೋಟೋ ಹಾಕಿ, ದೋಷಗಳನ್ನು ನೇರವಾಗಿ ಬರೆದು ಹಾಗೇ ಮಾರಿ. ದೋಷ ತೋರಿಸಿದವರ ಕಾರ್ಡು ವಾಪಸ್ ಬರುವುದು ಕಡಿಮೆ. ಮಾರದೆ ಇಟ್ಟುಕೊಳ್ಳುವುದೂ ಒಂದು ದಾರಿ. ಅದರ ಬೆಲೆ ಏರಬಹುದು, ಇಳಿಯಬಹುದು. ಮುಂದಿನ ವರ್ಷ ಎಷ್ಟಾಗುತ್ತದೆ ಅಂತ ಖಚಿತವಾಗಿ ಹೇಳುವವರ ಮಾತಿಗೆ ಕಿವಿಗೊಡಬೇಡಿ.

400 ಡಾಲರ್‌ಗೆ ಕೇಳಿದವರು ಮೋಸಗಾರರು ಅಂತ ನಾನು ಹೇಳುವುದಿಲ್ಲ. ವ್ಯಾಪಾರಿಗಳು ಮಾರುಕಟ್ಟೆಯ ಅರ್ಧದಿಂದ ಮುಕ್ಕಾಲು ಭಾಗ ಕೊಡುವುದು ವಾಡಿಕೆ. ಮಾರುವ ತಾಪತ್ರಯ, ಶುಲ್ಕ, ವಾಪಸ್ ಬರುವ ತಕರಾರು ಎಲ್ಲ ಅವರ ತಲೆಗೆ. ನಾನೂ ಹಾಗೇ ಕೊಳ್ಳುತ್ತೇನೆ. ತೊಂದರೆ ಇರುವುದು 'ಡಬ್ಬಿ ಪೂರ್ತಿ' ಅನ್ನುವ ಮಾತಿನಲ್ಲಿ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಅಂತಾರಲ್ಲ, ಇಲ್ಲಿ ಆಗುವುದು ಉಲ್ಟಾ. ನಾರಿನ ಲೆಕ್ಕದಲ್ಲಿ ಹೂವೂ ಹೋಗಿಬಿಡುತ್ತದೆ. ಚಾರಿಜಾರ್ಡ್ ಮತ್ತು ಉಳಿದ ಹೋಲೋ ಕಾರ್ಡುಗಳನ್ನು ಬೇರೆ ತೆಗೆದು, ಒಂದೊಂದಕ್ಕೂ ಎಷ್ಟು ಕೊಡುತ್ತೀರಿ ಅಂತ ಕೇಳಿ ನೋಡಿ. ಸರಿಯಾದ ವ್ಯಾಪಾರಿ ಬೇಸರಪಡದೆ ಹೇಳುತ್ತಾರೆ. ಇವತ್ತೇ ಕೊಟ್ಟರೆ ಮಾತ್ರ ಈ ಬೆಲೆ ಅಂದರೆ ಬಿಟ್ಟುಬಿಡಿ.

ಉಳಿದ ಇನ್ನೂರು ಚಿಲ್ಲರೆ ಸಾಮಾನ್ಯ ಕಾರ್ಡುಗಳನ್ನು ಮಾತ್ರ ಕೊನೆಯವರೆಗೂ ಕೊಡಬೇಡಿ. ಅವುಗಳಿಗೆ ಹೆಚ್ಚು ದುಡ್ಡು ಬರುವುದಿಲ್ಲ, ಆದರೆ ನಿಮ್ಮ ಹತ್ತಿರ ಇರುವ ಒಳ್ಳೆಯ ಅಳತೆಗೋಲು ಅವೇ. ಅದೇ ಸೆಟ್‌ನ ಒಂದು ಸಾಮಾನ್ಯ ಕಾರ್ಡನ್ನು ಚಾರಿಜಾರ್ಡಿನ ಬೆನ್ನಿಗೆ ಸ್ಲೀವ್ ಸಮೇತ ಇಟ್ಟು ನೋಡಿ. ಅಗಲ 63, ಉದ್ದ 88 ಮಿಲಿಮೀಟರ್ ಆಸುಪಾಸು, ಎರಡೂ ಒಂದೇ ಇರಬೇಕು. ಚಾರಿಜಾರ್ಡ್ ಕೂದಲೆಳೆಯಷ್ಟು ಚಿಕ್ಕದಿದ್ದರೂ ಅಂಚು ಕತ್ತರಿಸಿರಬಹುದು. ಆಮೇಲೆ ಎರಡಕ್ಕೂ ಒಂದೇ ಟಾರ್ಚ್ ಹಿಡಿದು, ಬೆಳಕು ಒಂದೇ ಥರ ತಡೆಯುತ್ತಿವೆಯಾ ನೋಡಿ. ಇವೆರಡೂ ಹೊಂದಿದರೆ, ತಳದ ಕಾಪಿರೈಟ್ ಸಾಲು ಮತ್ತು ಓರೆ ಬೆಳಕಿನಲ್ಲಿ ತೆಗೆದ ಎರಡು ಫೋಟೋ ನನಗೆ ಕಳಿಸಿ. ಅಣ್ಣನಿಗೆ ಯಾವ ಕಾರ್ಡು ಬೇಕು ಅನ್ನುವುದನ್ನೂ ಅಷ್ಟರೊಳಗೆ ಕೇಳಿಕೊಂಡಿರಿ.